ಡೆಸ್ಕ್‌ಟಾಪ್‌ಗೆ ಇನ್ನೊಂದು ರ‍್ಯಾಮ್: ಕೊಳ್ಳುವ ಮೊದಲು ಒಳಗೆ ನೋಡಿ, ಕೂರಿಸುವಾಗ ದಿಕ್ಕು ನೋಡಿ ಒತ್ತಿ

"ಕಂಪ್ಯೂಟರ್ ತುಂಬಾ ಸ್ಲೋ ಆಗಿದೆ, ರ‍್ಯಾಮ್ ಹಾಕಿಸಿದರೆ ಸರಿಹೋಗುತ್ತಾ? ಯಾವುದು ತರಬೇಕು? ನಾವೇ ಹಾಕಬಹುದಾ?" ನನಗೆ ಇವಿಷ್ಟು ಬಂದಷ್ಟು ಬೇರೆ ಯಾವ ಪ್ರಶ್ನೆಯೂ ಬರುವುದಿಲ್ಲ. ಕೇಳುವವರಲ್ಲಿ ಹೆಚ್ಚಿನವರು ಏಳೆಂಟು ವರ್ಷ ಹಳೆಯ ಅಸೆಂಬಲ್ಡ್ ಡೆಸ್ಕ್‌ಟಾಪ್ ಇಟ್ಟುಕೊಂಡವರು. ಡಿಟಿಪಿ ಮಾಡುವವರು, ಜೆರಾಕ್ಸ್ ಅಂಗಡಿಯವರು, ಮಕ್ಕಳ ಓದಿಗೆಂದು ತೆಗೆದುಕೊಂಡ ಮನೆಯವರು. ಎಲ್ಲರಿಗೂ ಒಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಕೊನೆಯ ಪ್ರಶ್ನೆಗೆ ಉತ್ತರ ಮೊದಲು: ಹೌದು, ನೀವೇ ಹಾಕಬಹುದು. ಒಂದು ಸ್ಕ್ರೂಡ್ರೈವರ್ ಸಾಕು, ಹತ್ತು ಹದಿನೈದು ನಿಮಿಷದ ಕೆಲಸ. ನಾನು ನೋಡಿದ ತೊಂದರೆಗಳಲ್ಲಿ ಬಹುಪಾಲು ಶುರುವಾದದ್ದು ಅಂಗಡಿಯಲ್ಲಿ. ಒಳಗೆ ಏನಿದೆ ಎಂದು ನೋಡದೆ ರ‍್ಯಾಮ್ ಕೊಂಡು ತಂದಿರುತ್ತಾರೆ. ಉಳಿದವು ಸ್ಲಾಟ್‌ನಲ್ಲಿ ಅರ್ಧ ಕೂತ ರ‍್ಯಾಮ್‌ನಿಂದ ಆದವು. ಈ ಎರಡನ್ನು ತಪ್ಪಿಸಿಕೊಂಡರೆ ಉಳಿದದ್ದು ಸಲೀಸು.

ರ‍್ಯಾಮ್ ಅಂದರೆ ಏನು ಎಂದು ಎರಡೇ ಮಾತು. ಹಾರ್ಡ್ ಡಿಸ್ಕ್ ಅಟ್ಟ ಇದ್ದಂತೆ, ಎಲ್ಲ ಸಾಮಾನೂ ಅಲ್ಲಿರುತ್ತದೆ. ರ‍್ಯಾಮ್ ಅಡುಗೆಮನೆಯ ಕಟ್ಟೆ. ಈಗ ಬೇಕಾದ್ದನ್ನು ಅಟ್ಟದಿಂದ ಇಳಿಸಿ ಕಟ್ಟೆಯ ಮೇಲೆ ಇಟ್ಟುಕೊಂಡು ಕೆಲಸ ಮಾಡುತ್ತೇವೆ. ಕಟ್ಟೆ ಚಿಕ್ಕದಾದರೆ ಒಂದನ್ನು ಇಳಿಸುವಾಗ ಇನ್ನೊಂದನ್ನು ಮೇಲಕ್ಕೆ ಏರಿಸುತ್ತಲೇ ಇರಬೇಕು. ನಿಮ್ಮ ಕಂಪ್ಯೂಟರ್ ಹ್ಯಾಂಗ್ ಆದಂತೆ ಕಾಣುವಾಗ ಒಳಗೆ ನಡೆಯುತ್ತಿರುವುದು ಬಹಳ ಸಲ ಇದೇ.

ಹಂತ 1: ಕೊರತೆ ರ‍್ಯಾಮ್‌ನದ್ದೇ ಹೌದಾ?

ದುಡ್ಡು ಕೊಡುವ ಮೊದಲು ಇದನ್ನು ನೋಡಲೇಬೇಕು. ನೀವು ದಿನವೂ ಬಳಸುವ ಎಲ್ಲವನ್ನೂ ತೆರೆಯಿರಿ. ಬ್ರೌಸರ್‌ನಲ್ಲಿ ಎಂಟು ಹತ್ತು ಟ್ಯಾಬ್, ಫೋಟೋಶಾಪ್ ಅಥವಾ ಕೋರೆಲ್‌ಡ್ರಾ, ಪಕ್ಕದಲ್ಲಿ ವಾಟ್ಸ್‌ಆ್ಯಪ್ ವೆಬ್, ಏನೇನು ಇರುತ್ತದೋ ಅವೆಲ್ಲ. ಈಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಚಿಕ್ಕ ಕಿಟಕಿ ಬಂದರೆ ಕೆಳಗಿನ ಮೋರ್ ಡೀಟೇಲ್ಸ್ ಒತ್ತಿ. ಪರ್ಫಾರ್ಮೆನ್ಸ್ ಎಂಬಲ್ಲಿಗೆ ಹೋಗಿ ಮೆಮೊರಿ ಮತ್ತು ಡಿಸ್ಕ್ ಎರಡನ್ನೂ ನೋಡಿ.

ಮೆಮೊರಿ ಶೇಕಡಾ 85, 90 ದಾಟಿ ಅಲ್ಲೇ ನಿಂತಿದ್ದರೆ ಕೊರತೆ ರ‍್ಯಾಮ್‌ನದ್ದೇ. ಆಗ ಡಿಸ್ಕ್ ಕೂಡ 100ರ ಹತ್ತಿರ ಓಡುತ್ತಿರುವುದು ಸಾಮಾನ್ಯ. ಕಟ್ಟೆಯಲ್ಲಿ ಜಾಗ ಸಾಲದೆ ವಿಂಡೋಸ್ ಒಂದಷ್ಟನ್ನು ಡಿಸ್ಕ್‌ಗೆ ಬರೆದಿಡುತ್ತಿರುತ್ತದೆ.

ಮೆಮೊರಿ 50, 60ರಲ್ಲೇ ಇದ್ದು ಡಿಸ್ಕ್ ಮಾತ್ರ 100 ಇದ್ದರೆ ದಯವಿಟ್ಟು ರ‍್ಯಾಮ್ ಕೊಳ್ಳಬೇಡಿ. ನಿಮಗೆ ಬೇಕಾದ್ದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳಿಂದಲೇ ಆದ ಡಿಸ್ಕ್. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಆಗುವ ಬದಲಾವಣೆ ಅಂಥ ಯಂತ್ರಗಳಲ್ಲಿ ರ‍್ಯಾಮ್‌ನಿಂದ ಆಗುವುದೇ ಇಲ್ಲ. ಎರಡೂ ಕಡಿಮೆ ಇದ್ದು ಸಿಪಿಯು 100 ಇದ್ದರೆ ಕಾರಣ ಬೇರೆಯೇ, ಅದು ಈ ಲೇಖನದ ವಿಷಯವಲ್ಲ.

ಇನ್ನೂ ಒಂದನ್ನು ಇಲ್ಲೇ ನೋಡಿಬಿಡಿ. ಸೆಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಅಬೌಟ್ ಎಂದಿರುತ್ತದೆ. ವಿಂಡೋಸ್ 7 ಆದರೆ ಕಂಪ್ಯೂಟರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್. ಅಲ್ಲಿ ಸಿಸ್ಟಮ್ ಟೈಪ್ 32 ಬಿಟ್ ಎಂದಿದ್ದರೆ ನೀವು 8 ಜಿಬಿ ಹಾಕಿದರೂ ವಿಂಡೋಸ್ ಬಳಸುವುದು 4 ಜಿಬಿಯೊಳಗೆ ಮಾತ್ರ, ಸಾಮಾನ್ಯವಾಗಿ ಮೂರು ಚಿಲ್ಲರೆ. ಹಳೆಯ ಪ್ರಿಂಟರ್‌ಗೋ ಹಳೆಯ ಪೇಜ್‌ಮೇಕರ್‌ಗೋ ಎಂದು 32 ಬಿಟ್ ವಿಂಡೋಸ್ ಇಟ್ಟುಕೊಂಡ ಡಿಟಿಪಿ ಅಂಗಡಿಗಳು ಇನ್ನೂ ಇವೆ. ಅವರು ಮೊದಲು 64 ಬಿಟ್ ವಿಂಡೋಸ್ ಹೊಸದಾಗಿ ಇನ್‌ಸ್ಟಾಲ್ ಮಾಡಿಸಬೇಕು, ಆಮೇಲೆ ರ‍್ಯಾಮ್. ವಿಂಡೋಸ್ 7 ಹೋಮ್ ಬೇಸಿಕ್ ಆದರೆ 64 ಬಿಟ್ ಇದ್ದರೂ ಮಿತಿ 8 ಜಿಬಿ.

ಹಂತ 2: ಒಳಗೆ ಈಗ ಏನಿದೆ?

ಟಾಸ್ಕ್ ಮ್ಯಾನೇಜರ್‌ನ ಅದೇ ಮೆಮೊರಿ ಪುಟದಲ್ಲಿ ಒಟ್ಟು ಎಷ್ಟು ಜಿಬಿ, ಸ್ಪೀಡ್ ಎಷ್ಟು, ಎಷ್ಟು ಸ್ಲಾಟ್‌ನಲ್ಲಿ ಎಷ್ಟು ತುಂಬಿದೆ ಎಂದೆಲ್ಲ ಇರುತ್ತದೆ. "2ರಲ್ಲಿ 1" ಎಂದಿದ್ದರೆ ಒಂದು ಸ್ಲಾಟ್ ಖಾಲಿ. ಸ್ಲಾಟ್ ಎಂದರೆ ಎಲ್ಲ ಭಾಗಗಳೂ ಸೇರುವ ಮುಖ್ಯ ಹಲಗೆಯಾದ ಮದರ್‌ಬೋರ್ಡ್ ಮೇಲೆ ರ‍್ಯಾಮ್ ನಿಲ್ಲುವ ಉದ್ದನೆಯ ಸೀಳು. ಈ ಲೆಕ್ಕ ಕೆಲವು ಬೋರ್ಡ್‌ಗಳಲ್ಲಿ ತಪ್ಪಾಗಿ ಬರುವುದನ್ನು ನೋಡಿದ್ದೇನೆ, ಆದ್ದರಿಂದ ಇದನ್ನೇ ನಂಬಿ ಕೊಳ್ಳಬೇಡಿ. ಬೋರ್ಡ್‌ನ ಮಾಡೆಲ್ ಬೇಕಾದರೆ ವಿಂಡೋಸ್ ಸರ್ಚ್‌ನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ತೆರೆದು ಬೇಸ್‌ಬೋರ್ಡ್ ಪ್ರಾಡಕ್ಟ್ ಎಂಬ ಸಾಲು ಓದಿ. ಆ ಮಾಡೆಲ್ ಹೆಸರು ಹಾಕಿ ತಯಾರಕರ ಜಾಲತಾಣದಲ್ಲಿ ಹುಡುಕಿದರೆ ಯಾವ ತಲೆಮಾರಿನ (ಡಿಡಿಆರ್3, ಡಿಡಿಆರ್4 ಅಥವಾ ಡಿಡಿಆರ್5) ರ‍್ಯಾಮ್, ಗರಿಷ್ಠ ಎಷ್ಟು ಜಿಬಿ ಎಂದು ಸಿಗುತ್ತದೆ.

ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇನ್ನೂ ಚೆನ್ನಾಗಿ ಹೇಳುತ್ತದೆ. ಅದರ ಎಸ್‌ಪಿಡಿ ಟ್ಯಾಬ್‌ನಲ್ಲಿ ಪ್ರತಿ ಸ್ಲಾಟ್ ಆರಿಸಿಕೊಂಡು ಅದರಲ್ಲಿರುವ ರ‍್ಯಾಮ್‌ನ ತಯಾರಕ, ಪಾರ್ಟ್ ನಂಬರ್ ಓದಬಹುದು. ಮೆಮೊರಿ ಟ್ಯಾಬ್‌ನಲ್ಲಿ ಫ್ರೀಕ್ವೆನ್ಸಿ 800 ಎಂದು ಕಂಡರೆ ಗಾಬರಿ ಬೇಡ. ಡಿಡಿಆರ್ ಒಂದು ಮಿಡಿತಕ್ಕೆ ಎರಡು ಸಲ ಡೇಟಾ ಸಾಗಿಸುತ್ತದೆ. 800 ಎಂದರೆ ನಿಮ್ಮದು 1600 ರ‍್ಯಾಮ್.

ಇದೆಲ್ಲ ಆದ ಮೇಲೂ ಒಮ್ಮೆ ಕ್ಯಾಬಿನೆಟ್ ಬಿಚ್ಚಿ ಕಣ್ಣಾರೆ ನೋಡಿ, ರ‍್ಯಾಮ್ ಮೇಲಿನ ಸ್ಟಿಕ್ಕರ್‌ನ ಫೋಟೋ ಫೋನ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಬಿಚ್ಚುವ ಕ್ರಮ ಮುಂದೆ 4 ಮತ್ತು 5ನೇ ಹಂತದಲ್ಲಿದೆ. ಅಂಗಡಿಯವರಿಗೆ ಆ ಫೋಟೋ ತೋರಿಸಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಸ್ಟಿಕ್ಕರ್ ಓದುವುದು ಕಷ್ಟವಲ್ಲ. "ಪಿಸಿ3" ಎಂದು ಶುರುವಾದರೆ ಡಿಡಿಆರ್3, "ಪಿಸಿ4" ಆದರೆ ಡಿಡಿಆರ್4, "ಪಿಸಿ5" ಆದರೆ ಡಿಡಿಆರ್5. ಮುಂದಿನ ಸಂಖ್ಯೆ ವೇಗದ್ದು. 12800 ಎಂದಿದ್ದರೆ ಎಂಟರಿಂದ ಭಾಗಿಸಿ, 1600 ಬರುತ್ತದೆ. 10600 ಎಂದರೆ 1333, 19200 ಎಂದರೆ 2400, 25600 ಎಂದರೆ 3200. ಅಂಗಡಿಗಳಲ್ಲಿ ಇದನ್ನೇ ಬಸ್ ಸ್ಪೀಡ್ ಅನ್ನುತ್ತಾರೆ. ಪಿಸಿ3 ಆದ ಮೇಲೆ ಎಲ್ ಅಕ್ಷರ ಇದ್ದರೆ ಅದು ಕಡಿಮೆ ವೋಲ್ಟೇಜ್‌ನದ್ದು: ಮಾಮೂಲಿ ಡಿಡಿಆರ್3ಗೆ 1.5 ವೋಲ್ಟ್, ಎಲ್ ಇದ್ದದ್ದಕ್ಕೆ 1.35.

ಹಂತ 3: ಯಾವುದನ್ನು ಕೊಳ್ಳಬೇಕು?

ತಲೆಮಾರು ಹೊಂದಲೇಬೇಕು, ಇದರಲ್ಲಿ ರಾಜಿಯಿಲ್ಲ. ಡಿಡಿಆರ್3 ಸ್ಲಾಟ್‌ಗೆ ಡಿಡಿಆರ್4 ಕೂರುವುದಿಲ್ಲ. ಅಂಚಿನಲ್ಲಿ ಒಂದು ಚಿಕ್ಕ ಕಚ್ಚು ಇರುತ್ತದಲ್ಲ, ಅದು ಮೂರು ತಲೆಮಾರಿನಲ್ಲೂ ಬೇರೆ ಬೇರೆ ಜಾಗದಲ್ಲಿದೆ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ ಇದ್ದರೂ ಒಂದರ ಜಾಗದಲ್ಲಿ ಇನ್ನೊಂದು ಹೋಗುವುದಿಲ್ಲ. ಡಿಡಿಆರ್3ಗೆ ಇರುವುದು 240. ಉದ್ದ ಮಾತ್ರ ಎಲ್ಲವೂ ಒಂದೇ, ಸುಮಾರು 13.3 ಸೆಂಟಿಮೀಟರ್. ಮೋಸ ಹೋಗುವುದು ಅಲ್ಲಿಯೇ. ಪರಿಚಿತರೊಬ್ಬರು ಆನ್‌ಲೈನ್‌ನಲ್ಲಿ ರಿಯಾಯಿತಿ ಕಂಡು ಡಿಡಿಆರ್4 ತರಿಸಿ, ಡಿಡಿಆರ್3 ಬೋರ್ಡ್‌ಗೆ ಒತ್ತಿದರು. ಕೂರಲಿಲ್ಲ, ಇನ್ನಷ್ಟು ಒತ್ತಿದರು. ಸ್ಲಾಟ್‌ನ ಪ್ಲಾಸ್ಟಿಕ್ ಸೀಳಿತು.

ನಿಮ್ಮ ಪ್ರೊಸೆಸರ್ ಗೊತ್ತಿದ್ದರೆ ಅಂದಾಜು ಸಿಗುತ್ತದೆ. ಇಂಟೆಲ್ ಕೋರ್ 2ನೇ, 3ನೇ, 4ನೇ ತಲೆಮಾರಿನ ಡೆಸ್ಕ್‌ಟಾಪ್‌ಗಳೆಲ್ಲ ಡಿಡಿಆರ್3. 6ನೇ ತಲೆಮಾರಿನಿಂದ ಡಿಡಿಆರ್4 ಬಂತು, ಆದರೂ ಆ ಕಾಲದ ಕೆಲವು ಬೋರ್ಡ್‌ಗಳು 1.35 ವೋಲ್ಟ್‌ನ ಡಿಡಿಆರ್3ಎಲ್ ಕೇಳುತ್ತವೆ. 12, 13, 14ನೇ ತಲೆಮಾರಿನಲ್ಲಿ ಬೋರ್ಡ್ ನೋಡದೆ ಹೇಳಲಾಗದು, ಡಿಡಿಆರ್4ನದ್ದೂ ಇವೆ, ಡಿಡಿಆರ್5ನದ್ದೂ ಇವೆ. ಎಎಂಡಿಯ ಎಎಂ4 ಬೋರ್ಡ್ ಆದರೆ ಡಿಡಿಆರ್4, ಎಎಂ5 ಆದರೆ ಡಿಡಿಆರ್5 ಮಾತ್ರ.

ನಮ್ಮ ಕಡೆ ಅಸೆಂಬಲ್ಡ್ ಯಂತ್ರಗಳಲ್ಲಿ ಎಚ್61 ಎಂಬ ಚಿಪ್‌ಸೆಟ್‌ನ ಬೋರ್ಡ್‌ಗಳು ಇಂದಿಗೂ ದಂಡಿಯಾಗಿ ಓಡುತ್ತಿವೆ. ಎರಡು ಸ್ಲಾಟ್, ಡಿಡಿಆರ್3, ಒಟ್ಟು 16 ಜಿಬಿವರೆಗೆ. ನಿಮ್ಮದು ಇಂಥದ್ದಾಗಿ ಒಳಗೆ 4 ಜಿಬಿಯದೊಂದು ಇದ್ದರೆ, ಅದೇ ವೇಗದ ಇನ್ನೊಂದು 4 ಜಿಬಿ ಹಾಕಿಕೊಳ್ಳಿ. ಟೈಪಿಂಗ್, ಬ್ರೌಸಿಂಗ್, ಆನ್‌ಲೈನ್ ಅರ್ಜಿ ತುಂಬುವ ಕೆಲಸಕ್ಕೆ 8 ಜಿಬಿ ಧಾರಾಳ. ಫೋಟೋಶಾಪ್‌ನಲ್ಲಿ ಫ್ಲೆಕ್ಸ್ ಬ್ಯಾನರ್ ಮಾಡುವವರಿಗೆ, ವಿಡಿಯೋ ಎಡಿಟ್ ಮಾಡುವವರಿಗೆ 16 ಬೇಕು. ಅದಕ್ಕಿಂತ ಹೆಚ್ಚು ಬೇಕಾದವರಿಗೆ ಏಕೆ ಬೇಕು ಎನ್ನುವುದು ತಾವಾಗಿಯೇ ಗೊತ್ತಿರುತ್ತದೆ.

ಎರಡು ಒಂದೇ ಬಗೆಯ ರ‍್ಯಾಮ್ ಏಕೆ ಎಂದರೆ, ಆಗ ಡ್ಯುಯಲ್ ಚಾನೆಲ್ ನಡೆಯುತ್ತದೆ. ಒಂದು ಬಾಗಿಲ ಬದಲು ಎರಡು ಬಾಗಿಲಿಂದ ಡೇಟಾ ಓಡಾಡಿದ ಹಾಗೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಿಗೆ ಇದರಿಂದ ಒಳ್ಳೆಯ ಲಾಭ, ಏಕೆಂದರೆ ಅವು ಚಿತ್ರ ತೋರಿಸಲೂ ಇದೇ ರ‍್ಯಾಮ್ ಬಳಸುತ್ತವೆ. 4ರ ಜತೆ 8 ಹಾಕಿದರೆ ತಪ್ಪೇನೂ ಇಲ್ಲ. ಇಂಟೆಲ್ ಯಂತ್ರಗಳಲ್ಲಿ 4 ಮತ್ತು 4 ಜೋಡಿಯಾಗಿ ಓಡಿ, ಉಳಿದ 4 ಒಂಟಿಯಾಗಿ ಓಡುತ್ತದೆ. ವೇಗ ಬೇರೆ ಬೇರೆ ಇದ್ದರೆ ಎರಡೂ ನಿಧಾನದ್ದರ ವೇಗಕ್ಕೇ ಇಳಿಯುತ್ತವೆ. ಆದ್ದರಿಂದ 1333ರ ಪಕ್ಕಕ್ಕೆ ದುಬಾರಿ ವೇಗದ್ದು ತರುವುದು ದಂಡ. ಕಂಪನಿ ಬೇರೆ ಇದ್ದರೆ ಬಹುತೇಕ ನಡೆಯುತ್ತದೆ, ಅಪರೂಪಕ್ಕೆ ಜಗಳವಾಡುತ್ತದೆ. ಬದಲಿಸಿ ಕೊಡುವ ಅಂಗಡಿಯಲ್ಲಿ ಕೊಂಡರೆ ಚಿಂತೆಯಿಲ್ಲ.

ಕೊಳ್ಳುವಾಗ ಕಾಲು ಜಾರುವ ಜಾಗಗಳು ಇನ್ನೂ ಕೆಲವಿವೆ.

ಲ್ಯಾಪ್‌ಟಾಪ್‌ನ ರ‍್ಯಾಮ್ ಚಿಕ್ಕದು, ಸುಮಾರು ಅರ್ಧ ಉದ್ದ. ಅದಕ್ಕೆ ಎಸ್‌ಒಡಿಮ್ ಎಂದು ಹೆಸರು, ಮಾಮೂಲಿ ಡೆಸ್ಕ್‌ಟಾಪ್‌ಗೆ ಆಗದು. ಆದರೆ ಮಾನಿಟರ್‌ನೊಳಗೇ ಎಲ್ಲ ಇರುವ ಆಲ್ ಇನ್ ಒನ್ ಯಂತ್ರಗಳು, ಅಂಗೈ ಅಗಲದ ಮಿನಿ ಪಿಸಿಗಳು ಅನೇಕ ಸಲ ಇದನ್ನೇ ಬಳಸುತ್ತವೆ. ಟಾಸ್ಕ್ ಮ್ಯಾನೇಜರ್‌ನ ಫಾರ್ಮ್ ಫ್ಯಾಕ್ಟರ್ ಸಾಲಿನಲ್ಲಿ ಯಾವುದೆಂದು ಬರೆದಿರುತ್ತದೆ.

ಕಡಿಮೆ ಬೆಲೆಗೆ ದೊಡ್ಡ ಜಿಬಿ ಸಿಗುತ್ತಿದೆ ಎಂದರೆ ವಿವರ ಪೂರ್ತಿ ಓದಿ. "ಎಎಂಡಿಗೆ ಮಾತ್ರ" ಎಂದು ಸಣ್ಣಕ್ಷರದಲ್ಲಿ ಬರೆದ ಡಿಡಿಆರ್3 ರ‍್ಯಾಮ್‌ಗಳು ಆನ್‌ಲೈನ್‌ನಲ್ಲಿ ಓಡಾಡುತ್ತವೆ, ಇಂಟೆಲ್ ಬೋರ್ಡ್‌ನಲ್ಲಿ ಅವು ಕೆಲಸ ಮಾಡುವುದಿಲ್ಲ. ಸರ್ವರ್‌ಗಳಿಂದ ಬಿಚ್ಚಿ ತಂದ ರಿಜಿಸ್ಟರ್ಡ್ ಇಸಿಸಿ ರ‍್ಯಾಮ್ ಕೂಡ ಅಗ್ಗ, ಅದೂ ನಿಮ್ಮ ಡೆಸ್ಕ್‌ಟಾಪ್‌ಗೆ ಬೇಡ.

ಬೆಲೆಯ ಬಗ್ಗೆ ಒಂದು ಮಾತು. 2025ರ ಕೊನೆಯ ಹೊತ್ತಿಗೆ ಹೊಸ ರ‍್ಯಾಮ್ ಬೆಲೆ ವಿಪರೀತ ಏರಿತು. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಹೆಚ್ಚೆಚ್ಚು ಹೋಗುತ್ತಿರುವುದೇ ಇದಕ್ಕೆ ಮುಖ್ಯ ಕಾರಣ. ಮೈಕ್ರಾನ್ ಕಂಪನಿಯಂತೂ ತನ್ನ ಕ್ರೂಷಿಯಲ್ ಬ್ರ್ಯಾಂಡ್‌ನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು. ಹೀಗಿರುವಾಗ ಹಳೆಯ ಯಂತ್ರಕ್ಕೆ ಸೆಕೆಂಡ್‌ಹ್ಯಾಂಡ್ ರ‍್ಯಾಮ್ ಕೊಳ್ಳುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ರ‍್ಯಾಮ್‌ನಲ್ಲಿ ತಿರುಗುವ, ಸವೆಯುವ ಭಾಗವಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಅಂದರೆ ಸದರ್ ಪತ್ರಪ್ಪ ರಸ್ತೆಯಲ್ಲಿ, ಹುಡುಕಿದರೆ ಹಳೆಯ ಡಿಡಿಆರ್3 ಸಿಗುತ್ತದೆ. ಬಿಲ್ ಕೇಳಿ ಪಡೆಯಿರಿ, ಕೆಲಸ ಮಾಡದಿದ್ದರೆ ಎಷ್ಟು ದಿನದೊಳಗೆ ವಾಪಸ್ ತರಬಹುದು ಎಂದು ಬಿಲ್ ಮೇಲೇ ಬರೆಸಿಕೊಳ್ಳಿ, ಆ ಅವಧಿಯೊಳಗೆ 8ನೇ ಹಂತದ ಪರೀಕ್ಷೆ ಮುಗಿಸಿ.

ಹಂತ 4: ತಯಾರಿ

ಬೇಕಾದ್ದು: ಸ್ಟಾರ್ ಸ್ಕ್ರೂಡ್ರೈವರ್, ಒಣಗಿದ ಮೆತ್ತನೆಯ ಪೇಂಟ್ ಬ್ರಷ್, ಮಕ್ಕಳ ಪೆನ್ಸಿಲ್ ರಬ್ಬರ್, ಒಳ್ಳೆಯ ಬೆಳಕು. ಸ್ಕ್ರೂ ಹಾಕಿಡಲು ಒಂದು ಬಟ್ಟಲು.

ಮುಖ್ಯ ಕಡತಗಳನ್ನು ಪೆನ್‌ಡ್ರೈವ್‌ಗೆ ಪ್ರತಿ ಮಾಡಿಕೊಳ್ಳಿ. ರ‍್ಯಾಮ್ ಹಾಕಿದ್ದಕ್ಕೆ ಡಿಸ್ಕ್‌ನ ಡೇಟಾ ಹೋಗುವುದಿಲ್ಲ. ಆದರೂ ಕ್ಯಾಬಿನೆಟ್ ಬಿಚ್ಚುವ ದಿನ ಬ್ಯಾಕಪ್ ಇರಲಿ.

ಈಗ ಪೂರ್ತಿ ಶಟ್‌ಡೌನ್. ವಿಂಡೋಸ್ 10, 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿದೆ, ಸುಮ್ಮನೆ ಶಟ್‌ಡೌನ್ ಕೊಟ್ಟರೆ ಅದು ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕ್‌ನಲ್ಲಿ ಉಳಿಸಿಕೊಂಡಿರುತ್ತದೆ. ಶಿಫ್ಟ್ ಕೀ ಒತ್ತಿ ಹಿಡಿದುಕೊಂಡೇ ಶಟ್‌ಡೌನ್ ಕ್ಲಿಕ್ ಮಾಡಿದರೆ ಪೂರ್ತಿ ಆರುತ್ತದೆ. ಸ್ಲೀಪ್, ಹೈಬರ್ನೇಟ್ ಸ್ಥಿತಿಯಲ್ಲಿ ಎಂದೂ ರ‍್ಯಾಮ್ ಮುಟ್ಟಬೇಡಿ.

ಗೋಡೆಯ ಸ್ವಿಚ್ ಆರಿಸಿ, ಪವರ್ ಕೇಬಲ್ ಅನ್ನು ಕ್ಯಾಬಿನೆಟ್ ಹಿಂಬದಿಯಿಂದ ಕೀಳಿ. ಯುಪಿಎಸ್ ಆರಿಸಿದೆ, ಸಾಕು ಎಂದುಕೊಳ್ಳಬೇಡಿ, ಕೇಬಲ್ ಹೊರಗೆ ಬಂದಿರಲೇಬೇಕು. ಎಸ್‌ಎಂಪಿಎಸ್‌ಗೆ, ಅಂದರೆ ಗೋಡೆಯ ಕರೆಂಟನ್ನು ಬೋರ್ಡ್‌ಗೆ ತಕ್ಕಂತೆ ಇಳಿಸಿ ಕೊಡುವ ಡಬ್ಬಿಗೆ, ತಂತಿ ಸಿಕ್ಕಿಸಿದ್ದರೆ ಕಂಪ್ಯೂಟರ್ ಆರಿದ್ದರೂ ಬೋರ್ಡ್‌ಗೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಕೇಬಲ್ ಕಿತ್ತ ಮೇಲೆ ಮುಂದಿನ ಪವರ್ ಬಟನ್ ಅನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಬಸಿದುಹೋಗುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಒಂದು ಪುಟ್ಟ ಎಲ್‌ಇಡಿ ಉರಿಯುತ್ತಿದ್ದು, ಈಗ ಮೆಲ್ಲಗೆ ಮಂಕಾಗಿ ಆರುವುದು ಕಾಣುತ್ತದೆ. ಅದು ಆರಿದ ಮೇಲೆಯೇ ಮುಂದಿನ ಕೆಲಸ.

ಇನ್ನೊಂದು ವಿಷಯವನ್ನು ಯಾರೂ ಕೇಳದಿದ್ದರೂ ಹೇಳಲೇಬೇಕು. ಕಂಪ್ಯೂಟರ್ ಆನ್ ಇರುವಾಗ ಕ್ಯಾಬಿನೆಟ್‌ನ ಲೋಹ ಮುಟ್ಟಿದರೆ ಬೆರಳು ಜುಂ ಎನ್ನುತ್ತದೆಯಾ? ಹಾಗಿದ್ದರೆ ನಿಮ್ಮ ಪ್ಲಗ್ ಪಾಯಿಂಟ್‌ಗೆ ಅರ್ತಿಂಗ್ ಸರಿಯಿಲ್ಲ. "ಕಂಪ್ಯೂಟರ್ ಅಂದರೆ ಸ್ವಲ್ಪ ಶಾಕ್ ಹೊಡೆಯುತ್ತೆ" ಎಂದು ವರ್ಷಗಟ್ಟಲೆ ಸುಮ್ಮನಿರುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗಿರಬೇಡಿ. ರ‍್ಯಾಮ್ ಆಮೇಲೆ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಹಂತ 5: ಬಿಚ್ಚುವುದು

ಕ್ಯಾಬಿನೆಟ್ ಅನ್ನು ಮೇಜಿನ ಮೇಲೆ ಮಲಗಿಸಿ. ನಿಲ್ಲಿಸಿಕೊಂಡು ಒತ್ತಿದರೆ ಬಲ ಸರಿಯಾಗಿ ಬೀಳುವುದಿಲ್ಲ. ಹಿಂಬದಿಯಿಂದ ನೋಡಿದರೆ ಕೀಬೋರ್ಡ್, ಮೌಸ್ ಸಿಕ್ಕಿಸುವ ಕಡೆಯ ಅಂಚಿನಿಂದ ದೂರದ ಬದಿಯ ಮುಚ್ಚಳ ತೆಗೆಯಬೇಕಾದ್ದು. ಹೆಚ್ಚಿನ ಕ್ಯಾಬಿನೆಟ್‌ಗಳಲ್ಲಿ ಮುಂದಿನಿಂದ ನೋಡುವಾಗ ಎಡಗಡೆಯದು. ಎರಡು ಸ್ಕ್ರೂ ಬಿಚ್ಚಿ ಹಿಂದಕ್ಕೆ ಜಾರಿಸಿದರೆ ಬರುತ್ತದೆ.

ಒಳಗೆ ಧೂಳು ಕಂಬಳಿಯಂತೆ ಹಾಸಿರಬಹುದು, ಜೇಡರ ಬಲೆ, ಇರುವೆ, ಹಲ್ಲಿಮೊಟ್ಟೆ ಏನೂ ಇರಬಹುದು. ಬ್ರಷ್‌ನಿಂದ ಮೆತ್ತಗೆ ಗುಡಿಸಿ. ಬ್ಲೋವರ್ ಹಿಡಿಯುವುದಾದರೆ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಡೆದುಕೊಳ್ಳಿ. ಖಾಲಿ ಸ್ಲಾಟ್‌ನೊಳಗಿನ ಧೂಳು ತೆಗೆಯುವುದನ್ನು ಮರೆಯಬೇಡಿ, ಇಷ್ಟು ವರ್ಷ ಅದು ಬಾಯಿ ತೆರೆದುಕೊಂಡೇ ಇತ್ತು. ಬಾಯಿಂದ ಊದಬೇಡಿ, ಎಂಜಲಿನ ಪಸೆ ಒಳಗೆ ಹೋಗುತ್ತದೆ.

ರ‍್ಯಾಮ್ ಮುಟ್ಟುವ ಮೊದಲು ಕ್ಯಾಬಿನೆಟ್‌ನ ಬಣ್ಣ ಹಚ್ಚದ ಲೋಹದ ಭಾಗವನ್ನು ಅಥವಾ ಎಸ್‌ಎಂಪಿಎಸ್ ಡಬ್ಬಿಯನ್ನು ಒಮ್ಮೆ ಬರಿಗೈಯಲ್ಲಿ ಮುಟ್ಟಿ. ಮೈಯಲ್ಲಿ ಸೇರಿದ ಸ್ಥಾಯೀ ವಿದ್ಯುತ್ತು ಅಲ್ಲಿಗೆ ಹರಿದುಹೋಗುತ್ತದೆ. ಚಳಿಗಾಲದ ಒಣಹವೆಯಲ್ಲಿ ಪಾಲಿಯೆಸ್ಟರ್ ಅಂಗಿ ಕಳಚುವಾಗ ಚಟಚಟ ಎನ್ನುತ್ತದಲ್ಲ, ಅದೇ ಇದು. ನಮಗೆ ಗೊತ್ತಾಗದಷ್ಟು ಸಣ್ಣ ಕಿಡಿಯೂ ಚಿಪ್‌ಗೆ ಸಾಕು. ನಡುನಡುವೆ ಎದ್ದು ಹೋಗಿ ಬಂದರೆ ಮತ್ತೆ ಮುಟ್ಟಿಕೊಳ್ಳಿ. ಕಂಬಳಿ, ಕಾರ್ಪೆಟ್ ಮೇಲೆ ಕೂತು ಈ ಕೆಲಸ ಬೇಡ.

ಹಂತ 6: ಕೂರಿಸುವುದು

ಯಾವ ಸ್ಲಾಟ್? ಎರಡೇ ಇದ್ದರೆ ಖಾಲಿ ಇರುವುದಕ್ಕೆ. ನಾಲ್ಕಿದ್ದು ಒಟ್ಟು ಎರಡು ರ‍್ಯಾಮ್ ಹಾಕುವುದಾದರೆ, ಈಗಿನ ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು. ಬೋರ್ಡ್ ಮೇಲೆ ಎ2, ಬಿ2 ಎಂದು ಬರೆದಿರುತ್ತದೆ. ಪಕ್ಕಪಕ್ಕದಲ್ಲಿ ಹಾಕಿದರೆ ಕೆಲಸ ಮಾಡಬಹುದು, ಆದರೆ ಎರಡೂ ಒಂದೇ ಬಾಗಿಲಿನಲ್ಲಿ ನೂಕಾಡುತ್ತವೆ. ಬಣ್ಣದ ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಒಂದೇ ಬಣ್ಣದ ಜೋಡಿ, ಆದರೂ ಮ್ಯಾನ್ಯುವಲ್ ಹೇಳಿದ್ದೇ ಕೊನೆಯ ಮಾತು.

ಸ್ಲಾಟ್‌ನ ತುದಿಗಳಲ್ಲಿ ಪ್ಲಾಸ್ಟಿಕ್ ಚಿಲಕ ಇರುತ್ತದೆ, ಕೆಲವು ಬೋರ್ಡ್‌ಗಳಲ್ಲಿ ಎರಡೂ ಕಡೆ, ಕೆಲವದರಲ್ಲಿ ಒಂದೇ ಕಡೆ. ತೆರೆಯುವ ಚಿಲಕವನ್ನು ಹೊರಕ್ಕೆ ಬಾಗಿಸಿ. ಗ್ರಾಫಿಕ್ಸ್ ಕಾರ್ಡ್ ಚಿಲಕಕ್ಕೆ ಅಡ್ಡ ಬಂದರೆ ಅದನ್ನು ತೆಗೆದೇ ಮುಂದುವರಿಯಿರಿ, ಇಕ್ಕಟ್ಟಿನಲ್ಲಿ ಸೆಣಸಾಡಬೇಡಿ.

ರ‍್ಯಾಮ್ ಅನ್ನು ಅಂಚುಗಳಲ್ಲಿ ಮಾತ್ರ ಹಿಡಿಯಿರಿ. ಕೆಳಗಿನ ಚಿನ್ನದ ಬಣ್ಣದ ಪಟ್ಟಿಗಳಿಗೆ ಬೆರಳು ತಾಗಬಾರದು. ಕಚ್ಚನ್ನೂ ಸ್ಲಾಟ್‌ನೊಳಗಿನ ಉಬ್ಬನ್ನೂ ಒಂದಕ್ಕೊಂದು ಎದುರಾಗಿ ಹಿಡಿದು ನೋಡಿ. ಕಚ್ಚು ನಟ್ಟನಡುವೆ ಇಲ್ಲ, ಸ್ವಲ್ಪ ಒಂದು ಕಡೆಗಿದೆ. ಆದ್ದರಿಂದ ಸರಿಯಾಗಿ ಕೂರುವುದು ಒಂದೇ ದಿಕ್ಕಿನಲ್ಲಿ. ಹೊಂದುತ್ತಿಲ್ಲ ಎಂದರೆ ತಿರುಗಿಸಿ ಹಿಡಿಯಿರಿ. ತಿರುಗಿಸಿದರೂ ಹೊಂದದಿದ್ದರೆ ತಲೆಮಾರು ತಪ್ಪಿದೆ, ಅಲ್ಲಿಗೇ ನಿಲ್ಲಿಸಿ.

ಈಗ ರ‍್ಯಾಮ್ ಅನ್ನು ನೇರವಾಗಿ ಸ್ಲಾಟ್‌ಗೆ ಇಳಿಸಿ. ಎರಡು ತುದಿಯ ಮೇಲೆ ಎರಡು ಹೆಬ್ಬೆರಳು ಇಟ್ಟು ಸಮವಾಗಿ ಕೆಳಕ್ಕೆ ಒತ್ತಿ. ಮೊದಲು ಒಂದು ತಡೆ ಸಿಗುತ್ತದೆ. ಹೊಸಬರು ಇಲ್ಲಿ ಹೆದರಿ ಕೈ ತೆಗೆಯುತ್ತಾರೆ, ರ‍್ಯಾಮ್ ಅರ್ಧದಲ್ಲೇ ನಿಲ್ಲುತ್ತದೆ. ಬಿಗಿಯಾದ ಡಬ್ಬಿಯ ಮುಚ್ಚಳ ಹಾಕುವಷ್ಟು ಒತ್ತಡ ಬೇಕೇ ಬೇಕು. ಇನ್ನಷ್ಟು ಒತ್ತಿದಾಗ ಒಂದು ತುದಿ "ಟಕ್" ಎನ್ನುತ್ತದೆ, ಚಿಲಕ ತಾನಾಗಿಯೇ ಮೇಲೆದ್ದು ರ‍್ಯಾಮ್‌ನ ಪಕ್ಕದ ಕುಳಿಗೆ ಸಿಕ್ಕಿಕೊಳ್ಳುತ್ತದೆ. ನಂತರ ಇನ್ನೊಂದು ತುದಿ. ಎರಡೂ ಕಡೆ ಚಿಲಕವಿದ್ದರೆ ಎರಡು ಟಕ್ ಕೇಳಿಸಬೇಕು. ಒಂದೇ ಕಡೆ ಚಿಲಕವಿರುವ ಬೋರ್ಡ್‌ನಲ್ಲಿ ಕೇಳುವುದು ಒಂದೇ ಟಕ್. ಆಗ ಚಿಲಕವಿಲ್ಲದ ತುದಿ ಪೂರ್ತಿ ಇಳಿದಿದೆಯಾ ಎಂದು ಬಗ್ಗಿ ಕಣ್ಣಳತೆಯಲ್ಲಿ ನೋಡಿ. ಸರಿಯಾಗಿ ಕೂತ ರ‍್ಯಾಮ್‌ನ ಮೇಲಂಚು ಪಕ್ಕದ ರ‍್ಯಾಮ್‌ಗೆ ಸಮನಾಂತರವಾಗಿರುತ್ತದೆ, ಚಿನ್ನದ ಪಟ್ಟಿ ಸ್ಲಾಟ್‌ನ ಮೇಲೆ ಎಲ್ಲಿಯೂ ಇಣುಕುವುದಿಲ್ಲ.

ಚಿಲಕವನ್ನು ಬೆರಳಿನಿಂದ ಮೇಲೆತ್ತಿ "ಲಾಕ್" ಮಾಡುವ ಅಭ್ಯಾಸ ಬೇಡ. ರ‍್ಯಾಮ್ ಕೆಳಗಿಳಿದರೆ ಚಿಲಕ ತಾನೇ ಏಳುತ್ತದೆ. ಏಳದಿದ್ದರೆ ರ‍್ಯಾಮ್ ಇನ್ನೂ ಇಳಿದಿಲ್ಲ ಎಂದೇ ಅರ್ಥ.

ಹಂತ 7: ಮೊದಲ ಸಲ ಆನ್

ಮುಚ್ಚಳ ಹಾಕುವ ಅವಸರ ಬೇಡ. ಕ್ಯಾಬಿನೆಟ್ ಎತ್ತಿ ನಿಲ್ಲಿಸಿ, ಫ್ಯಾನ್‌ಗೆ ಯಾವ ವೈರೂ ತಾಗುತ್ತಿಲ್ಲ ಎಂದು ನೋಡಿ, ಕೇಬಲ್ ಹಾಕಿ ಆನ್ ಮಾಡಿ. ಆನ್ ಆದ ಮೇಲೆ ಒಳಗೆ ಕೈ ಹಾಕಬೇಡಿ.

ಮೊದಲ ಸಲ ಪರದೆ ಬರಲು ಮಾಮೂಲಿಗಿಂತ ತಡವಾಗಬಹುದು, ಒಮ್ಮೆ ತಾನಾಗಿಯೇ ಆರಿ ಮತ್ತೆ ಹೊತ್ತಿಕೊಳ್ಳಬಹುದು. ಡಿಡಿಆರ್5 ಬೋರ್ಡ್‌ಗಳಲ್ಲಿ ಇದನ್ನು ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ, ಹೊಸ ರ‍್ಯಾಮ್‌ನ ನಡೆಯನ್ನು ಬೋರ್ಡ್ ಅಳೆದುಕೊಳ್ಳುವ ಕೆಲಸ. ಹಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಕೆಟ್ಟಿತು ಎಂದು ಸ್ವಿಚ್ ಆರಿಸಿದರೆ ಅದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕಾಯಿರಿ.

ಹಂತ 8: ಎಲ್ಲವೂ ಸಿಕ್ಕಿತೇ?

ಟಾಸ್ಕ್ ಮ್ಯಾನೇಜರ್‌ನಲ್ಲಿ ಒಟ್ಟು ಮೊತ್ತ ನೋಡಿ. 8 ಜಿಬಿ ಹಾಕಿದ್ದಕ್ಕೆ 7.8, 7.9 ಎಂದು ಕಂಡರೆ ಅದು ಸರಿಯೇ. ಉಳಿದದ್ದು ಹಾರ್ಡ್‌ವೇರ್ ರಿಸರ್ವ್ಡ್, ಗ್ರಾಫಿಕ್ಸ್ ಮುಂತಾದ್ದಕ್ಕೆ ತೆಗೆದಿಟ್ಟ ಪಾಲು. ಅರ್ಧವೇ ಕಾಣೆಯಾಗಿದ್ದರೆ ಎರಡು ಕಡೆ ನೋಡಿ. ರ‍್ಯಾಮ್ ಸರಿಯಾಗಿ ಕೂತಿದೆಯೇ ಎಂಬುದು ಒಂದು. ವಿಂಡೋಸ್‌ನ ಸಿಸ್ಟಮ್ ಕಾನ್ಫಿಗರೇಷನ್‌ನಲ್ಲಿ ಬೂಟ್ ಟ್ಯಾಬ್, ಅದರ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಮ್ಯಾಕ್ಸಿಮಮ್ ಮೆಮೊರಿ ಎಂಬಲ್ಲಿ ಟಿಕ್ ಇದ್ದರೆ ತೆಗೆಯಿರಿ, ಇದು ಇನ್ನೊಂದು. "ಸ್ಪೀಡ್ ಹೆಚ್ಚಿಸುವ ಟ್ರಿಕ್" ಎಂದು ವಿಡಿಯೋ ನೋಡಿ ಅಲ್ಲಿ ಟಿಕ್ ಹಾಕಿಕೊಂಡವರು ಬಹಳ ಮಂದಿ.

3200ರ ರ‍್ಯಾಮ್ 2133ರಲ್ಲೋ 2400ರಲ್ಲೋ ಓಡುತ್ತಿದೆಯೇ? ಬಯಾಸ್ ಒಳಗೆ ಎಕ್ಸ್‌ಎಂಪಿ ಎಂಬ ಆಯ್ಕೆ ಇರುತ್ತದೆ, ಪೂರ್ತಿ ವೇಗ ಬೇಕಾದರೆ ಅದನ್ನು ಆನ್ ಮಾಡಿ. ಬಯಾಸ್ ಎಂದರೆ ವಿಂಡೋಸ್‌ಗೂ ಮೊದಲು ಎದ್ದು ಬೋರ್ಡ್ ನಡೆಸುವ ತಂತ್ರಾಂಶ, ಕಂಪ್ಯೂಟರ್ ಹೊತ್ತಿಕೊಳ್ಳುತ್ತಿದ್ದಂತೆ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಿದ್ದರೆ ಸಾಮಾನ್ಯವಾಗಿ ತೆರೆಯುತ್ತದೆ. ಎಎಂಡಿಯ ಡಿಡಿಆರ್5 ಬೋರ್ಡ್‌ಗಳಲ್ಲಿ ಇದೇ ಆಯ್ಕೆಗೆ ಎಕ್ಸ್‌ಪೋ ಎಂದು ಹೆಸರು. ನಿಮ್ಮ ಬೋರ್ಡ್, ಪ್ರೊಸೆಸರ್ ಆ ವೇಗಕ್ಕೆ ಒಪ್ಪುವುದಿದ್ದರೆ ಮಾತ್ರ ಅದು ಏರುತ್ತದೆ. ಎಚ್61 ಕಾಲದ ಬೋರ್ಡ್‌ನವರು ಇದನ್ನು ಬಿಟ್ಟುಬಿಡಿ.

ಆಮೇಲೆ ಪರೀಕ್ಷೆ. ವಿಂಡೋಸ್ ಸರ್ಚ್‌ನಲ್ಲಿ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಹುಡುಕಿ, ರೀಸ್ಟಾರ್ಟ್ ಆಯ್ಕೆ ಕೊಡಿ. ಸೆಕೆಂಡ್‌ಹ್ಯಾಂಡ್ ರ‍್ಯಾಮ್ ಆದರೆ ಇಷ್ಟು ಸಾಲದು. ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಂದೇ ಒಂದು ದೋಷ ಕಂಡರೂ ಬೇರೆ ಸ್ಲಾಟ್‌ನಲ್ಲಿ ಇನ್ನೊಮ್ಮೆ ಓಡಿಸಿ. ಆಗಲೂ ಬಂದರೆ ಆ ರ‍್ಯಾಮ್ ವಾಪಸ್ ಕೊಡಿ. ದೋಷವಿರುವ ರ‍್ಯಾಮ್ ಕಂಪ್ಯೂಟರ್ ಅನ್ನು ನಿಲ್ಲಿಸುವುದಷ್ಟೇ ಅಲ್ಲ, ಉಳಿಸುವ ಕಡತವನ್ನೂ ಸದ್ದಿಲ್ಲದೆ ಕೆಡಿಸಬಲ್ಲದು.

"ನೋ ಡಿಸ್‌ಪ್ಲೇ" ಆದರೆ

ಫ್ಯಾನ್ ತಿರುಗುತ್ತದೆ, ಪರದೆಗೆ ಏನೂ ಬರುವುದಿಲ್ಲ, ಬೀಪ್ ಬೀಪ್ ಎಂದು ಒಂದೇ ಸಮನೆ ಕೂಗುತ್ತದೆ. ಹೀಗಾದಾಗ ಬಹುತೇಕ ಕಾರಣ ಸರಿಯಾಗಿ ಕೂರದ ರ‍್ಯಾಮ್. ಈಚಿನ ಬೋರ್ಡ್‌ಗಳಲ್ಲಿ ಬೀಪ್ ಬದಲು ಡಿರ‍್ಯಾಮ್ ಎಂದು ಬರೆದ ಎಲ್‌ಇಡಿ ಉರಿಯುತ್ತದೆ. ಹೆದರಬೇಡಿ, ಕ್ರಮವಾಗಿ ಹೋಗಿ.

ಪ್ರತಿ ಸಲವೂ ಕೇಬಲ್ ಕೀಳಿ, ಪವರ್ ಬಟನ್ ಒತ್ತಿ ಹಿಡಿಯಿರಿ. ಎರಡೂ ರ‍್ಯಾಮ್ ತೆಗೆಯಿರಿ. ಹಳೆಯದರ ಚಿನ್ನದ ಪಟ್ಟಿಗಳು ಮಂಕಾಗಿ, ಕಂದು ಕಲೆ ಹಿಡಿದು ಕಾಣಬಹುದು. ಮಲೆನಾಡು, ಕರಾವಳಿಯ ತೇವದಲ್ಲಿ ಇದು ಸರ್ವೇಸಾಮಾನ್ಯ. ಪೆನ್ಸಿಲ್ ರಬ್ಬರ್‌ನಿಂದ ಎರಡೂ ಬದಿ ಮೆತ್ತಗೆ ಒಂದೇ ದಿಕ್ಕಿನಲ್ಲಿ ಉಜ್ಜಿ, ಪುಡಿಯನ್ನು ಬ್ರಷ್‌ನಿಂದ ಪೂರ್ತಿ ಕೊಡವಿ. ಪಟ್ಟಿ ಹೊಳಪಾಗುವುದು ಕಣ್ಣಿಗೇ ಕಾಣುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಸಿಕ್ಕರೆ ಬಟ್ಟೆಗೆ ಹಚ್ಚಿ ಒರೆಸಿ ಒಣಗಲು ಬಿಡಿ. ಉಪ್ಪುಕಾಗದ, ಥಿನ್ನರ್, ಸೆಂಟ್ ಬಾಟಲಿಯ ಹತ್ತಿರ ಹೋಗಬೇಡಿ.

ಈಗ ಹಳೆಯದನ್ನು ಮಾತ್ರ ಅದರ ಹಳೆಯ ಸ್ಲಾಟ್‌ಗೆ ಹಾಕಿ ಆನ್ ಮಾಡಿ. ಬಂತೇ? ಹಾಗಾದರೆ ಅದನ್ನು ತೆಗೆದು ಅದೇ ಸ್ಲಾಟ್‌ಗೆ ಹೊಸದನ್ನು ಮಾತ್ರ ಹಾಕಿ. ಬರದಿದ್ದರೆ ಹೊಸ ರ‍್ಯಾಮ್ ಹೊಂದುತ್ತಿಲ್ಲ ಅಥವಾ ಕೆಟ್ಟಿದೆ. ಬಂದರೆ ಅದನ್ನೇ ಎರಡನೆಯ ಸ್ಲಾಟ್‌ಗೆ ಹಾಕಿ ನೋಡಿ, ಅಲ್ಲಿ ಬರದಿದ್ದರೆ ಕೆಟ್ಟಿರುವುದು ಆ ಸ್ಲಾಟ್ ಅಥವಾ ಅದರೊಳಗಿನ ಕಸ. ಒಂದೊಂದೇ ಬಂದು ಜೋಡಿಯಾಗಿ ಬರದಿದ್ದರೆ ಎರಡಕ್ಕೂ ಹೊಂದಾಣಿಕೆಯಿಲ್ಲ. ಆಗ ಸಿಮಾಸ್ ಕ್ಲಿಯರ್ ಮಾಡಿ ಇನ್ನೊಮ್ಮೆ ಪ್ರಯತ್ನಿಸಬಹುದು. ಬೋರ್ಡ್ ಮೇಲಿನ ನಾಣ್ಯದಂಥ 3 ವೋಲ್ಟ್ ಸೆಲ್ ತೆಗೆದು ಐದಾರು ನಿಮಿಷ ಬಿಟ್ಟು ಹಾಕಿದರೆ ಬಯಾಸ್ ತನ್ನ ಹಳೆಯ ಸೆಟಿಂಗ್ ಮರೆಯುತ್ತದೆ. ದಿನಾಂಕ, ಸಮಯ ಮತ್ತೆ ಹೊಂದಿಸಬೇಕಾಗುತ್ತದೆ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಏರ್ಪಾಡು) ಹಾಕಿರುವ ಯಂತ್ರವಾದರೆ ರಿಕವರಿ ಕೀ ಕೈಯಲ್ಲಿದೆ ಎಂದು ಖಾತ್ರಿಯಾಗುವ ತನಕ ಸೆಲ್ ಮುಟ್ಟಬೇಡಿ, ಕೀ ಇಲ್ಲದೆ ಡಿಸ್ಕ್ ತೆರೆಯದೇ ಹೋಗಬಹುದು.

ಹಳೆಯದೊಂದನ್ನೇ ಹಾಕಿದರೂ ಬರದಿದ್ದರೆ ಕೆಲಸದ ನಡುವೆ ಬೇರೆ ಯಾವುದೋ ಕನೆಕ್ಟರ್ ಸಡಿಲಗೊಂಡಿರಬಹುದು. ಬೋರ್ಡ್‌ನ ದೊಡ್ಡ 24 ಪಿನ್ ಕನೆಕ್ಟರ್, ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ ಕನೆಕ್ಟರ್, ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಕೇಬಲ್ ಎಲ್ಲವನ್ನೂ ಒಮ್ಮೆ ಒತ್ತಿ ನೋಡಿ. ಇಷ್ಟಾದರೂ ಆಗದಿದ್ದರೆ ರಿಪೇರಿಯವರ ಹತ್ತಿರ ಒಯ್ಯಿರಿ. ಏನೇನು ಮಾಡಿ ನೋಡಿದಿರಿ ಎಂದು ಅವರಿಗೆ ಹೇಳಿ, ಅವರ ಅರ್ಧ ಹೊತ್ತು ಉಳಿಯುತ್ತದೆ.

ಎಲ್ಲ ಸರಿಹೋಗಿದ್ದರೆ ಮುಚ್ಚಳ ಹಾಕುವ ಮೊದಲು ಒಂದು ಚೀಟಿಯಲ್ಲಿ ಬರೆಯಿರಿ: ಬೋರ್ಡ್ ಮಾಡೆಲ್, ಡಿಡಿಆರ್ ಎಷ್ಟು, ಯಾವ ವೇಗ, ಯಾವ ಸ್ಲಾಟ್‌ನಲ್ಲಿ ಎಷ್ಟು ಜಿಬಿ, ಬೋರ್ಡ್‌ನ ಗರಿಷ್ಠ ಮಿತಿ, ಇವತ್ತಿನ ದಿನಾಂಕ. ಮುಚ್ಚಳದ ಒಳಬದಿಗೆ ಟೇಪ್‌ನಿಂದ ಗಟ್ಟಿಯಾಗಿ ಅಂಟಿಸಿ, ಕಿತ್ತು ಫ್ಯಾನ್‌ಗೆ ಬೀಳದಂತೆ. ಬಿಲ್ಲಿನ ಫೋಟೋ ಫೋನ್‌ನಲ್ಲಿರಲಿ. ಆಮೇಲೆ ಎರಡು ಸ್ಕ್ರೂ ಹಾಕಿ.